ಮೊದಲ ಶನಿವಾರದ ಸುತ್ತು

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನೌಕರಿಯಲ್ಲಿ ಐದು ಸಲ ವರ್ಗಾವಣೆಯಾಗಿ ಐದು ಊರುಗಳಲ್ಲಿ ಬಾಡಿಗೆ ಮನೆ ಹುಡುಕಿದ್ದೇನೆ. ಹೊಸ ಊರಿಗೆ ಬಂದವರು ಮೊದಲು ವಿಚಾರಿಸುವುದು ಹಾಲು ಎಲ್ಲಿ ಸಿಗುತ್ತದೆ, ನಲ್ಲಿ ನೀರು ಯಾವ ದಿನ ಬಿಡುತ್ತಾರೆ, ಸಿಲಿಂಡರಿಗೆ ಯಾರಿಗೆ ಹೇಳಬೇಕು ಎಂದು. ಜೊತೆಗೆ ಇನ್ನೊಂದನ್ನೂ ಕೇಳಿಟ್ಟುಕೊಳ್ಳಿ ಎನ್ನುತ್ತೇನೆ ನಾನು. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದರೆ, ವಯಸ್ಸಾದವರಿಗೆ ದಿಕ್ಕಿಲ್ಲದಾದರೆ, ಮನೆಯೊಳಗೇ ಭಯ ಹುಟ್ಟಿದರೆ ಈ ಊರಿನಲ್ಲಿ ಯಾರ ಹತ್ತಿರ ಹೋಗಬೇಕು? ಕಷ್ಟ ಬಂದ ದಿನ ಅದನ್ನು ಹುಡುಕುವ ತ್ರಾಣ ಇರುವುದಿಲ್ಲ. ಚೆನ್ನಾಗಿರುವಾಗಲೇ ದಾರಿ ತಿಳಿದಿರಬೇಕು.

ಅದಕ್ಕೆ ನಾನು ಮಾಡುವುದು ಇಷ್ಟೆ. ಮೊದಲ ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ, ಒಂದು ನೋಟ್‌ಬುಕ್ ಹಿಡಿದು ಊರಲ್ಲಿ ಒಂದು ಸುತ್ತು ಹಾಕುತ್ತೇನೆ. ಕಚೇರಿಗಿಂತ ಮೊದಲು ಮನುಷ್ಯರನ್ನು ಕಾಣುತ್ತೇನೆ. ಅಂಥವರು ಮೂವರಿದ್ದಾರೆ.

ಮೊದಲನೆಯವರು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು ಮನೆಮನೆಗೆ ಬರುವ ಈ ಅಕ್ಕ ಆ ಊರಿನವರೇ ಆಗಿರುತ್ತಾರೆ. ಸುಮಾರು ಸಾವಿರ ಜನಕ್ಕೆ ಒಬ್ಬರು ಎಂಬುದು ಲೆಕ್ಕ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಯಾವ ಡಾಕ್ಟರು ಸಿಗುತ್ತಾರೆ ಎಂಬುದು ಇವರಿಗೆ ಬಾಯಿಪಾಠ. ಎರಡನೆಯವರು ಅಂಗನವಾಡಿ ಟೀಚರ್. 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯಡಿ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ. ಇಂದು ಅಂಗನವಾಡಿ ಇಲ್ಲದ ಊರು ಸಿಗುವುದು ಕಷ್ಟ. ಮೂರನೆಯವರು ಬಹಳ ಮಂದಿಗೆ ಗೊತ್ತಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕೇಳಿ. ಇವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅಂಗವಿಕಲರಿಗೆ ಯುಡಿಐಡಿ ಕಾರ್ಡ್, ಮಾಸಾಶನ, ಗಾಲಿಕುರ್ಚಿಗೆ ಅರ್ಜಿ ಹಾಕಿಸುವವರು ಇವರೇ. ದೀರ್ಘಕಾಲದ ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿದೆ ಎಂಬುದು ನೆನಪಿರಲಿ. ಪಟ್ಟಣದಲ್ಲಿದ್ದರೆ ಹತ್ತಿರದ ನಗರ ಆರೋಗ್ಯ ಕೇಂದ್ರ ಅಥವಾ ನಮ್ಮ ಕ್ಲಿನಿಕ್‌ನಿಂದ ಶುರು ಮಾಡಿ.

ಇಂಥ ಒಬ್ಬರ ಪರಿಚಯವಿದ್ದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮೂರನೆಯ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಬಾಣಂತಿ ಇದ್ದಳು. ಹೆರಿಗೆ ಸುಸೂತ್ರವಾಗಿತ್ತು, ಮಗು ಗುಂಡುಗುಂಡಗಿತ್ತು. ಆದರೆ ಆಕೆ ರಾತ್ರಿಯಿಡೀ ತೊಲೆ ನೋಡುತ್ತಾ ಮಲಗಿರುತ್ತಿದ್ದಳು. ಊಟ ಬೇಡ, ಮಾತು ಬೇಡ. ಅತ್ತೆ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನ ಬರಬೇಕು. ಹದಿನಾಲ್ಕನೆಯ ದಿನ ಬಂದ ಅಕ್ಕ ಮಗುವನ್ನು ತೂಕದ ಜೋಳಿಗೆಯಲ್ಲಿ ಎತ್ತಿ ನೋಡಿದರು. ತೂಕ ಏರಿತ್ತು. ಆದರೆ ಜೋಳಿಗೆಯಿಂದ ತೆಗೆದ ಮಗುವನ್ನು ಕೊಡಲು ಹೋದಾಗ ತಾಯಿ ಕೈ ಚಾಚಲಿಲ್ಲ. ಅಕ್ಕ ಅದನ್ನು ಕಂಡರು. ಮಗುವನ್ನು ಅತ್ತೆಗೆ ಕೊಟ್ಟು, ಬಾಣಂತಿಯ ಪಕ್ಕ ಕೂತು, "ನಿದ್ದೆ ಬರ್ತಿದ್ಯೇನವ್ವಾ?" ಎಂದರು. ಅಷ್ಟೇ ಕೇಳಿದ್ದು. ಎರಡು ವಾರದಿಂದ ಮಾತಾಡದವಳು ಅಳಲು ಶುರುಮಾಡಿದಳು.

ಮುಂದಿನ ಮಂಗಳವಾರ ಅತ್ತೆ, ಸೊಸೆ, ಮಗು, ಆಶಾ ಅಕ್ಕ ಎಲ್ಲರೂ ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದರು.

ಮಂಗಳವಾರವೇ ಏಕೆ? 2014ರಲ್ಲಿ ನಮ್ಮ ಸರ್ಕಾರ ಮನೋಚೈತನ್ಯ ಎಂಬ ಕಾರ್ಯಕ್ರಮ ಆರಂಭಿಸಿತು. ಅದರಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಳ್ಳಿ. ಇದರ ಬೇರು ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು.

ಮೊದಲ ಸಲ ಹೋಗುವವರು ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಹಳೆಯ ಚೀಟಿ, ಈಗ ನುಂಗುತ್ತಿರುವ ಮಾತ್ರೆಯ ಪಟ್ಟಿ, ಆಧಾರ್ ಜೊತೆಗಿರಲಿ. ಕಾಯಿಲೆಯ ಹೆಸರು ಹೇಳುವ ಗೋಜು ಬೇಡ. ಎಷ್ಟು ದಿನದಿಂದ ಹೀಗಿದೆ, ನಿದ್ದೆ-ಊಟ ಹೇಗಿದೆ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ಈ ಮೂರನ್ನು ಹೇಳಿದರೆ ಸಾಕು. ಹೇಳಲು ಅಂಜಿಕೆಯಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ. ಮಾತ್ರೆಯನ್ನು ಡಾಕ್ಟರ್ ಹೇಳುವವರೆಗೆ ನಿಲ್ಲಿಸಬೇಡಿ. ಹರಕೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದೇವರಿಗೂ ಹೋಗಿ, ಮಂಗಳವಾರ ಆಸ್ಪತ್ರೆಗೂ ಹೋಗಿ.

ಹೋಗಲಾಗದವರಿಗೆ ಫೋನ್ ಇದೆ. 14416 ಟೆಲಿ-ಮಾನಸ್ ಸಂಖ್ಯೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. "ಎಲ್ಲಿಂದ ಶುರು ಮಾಡಲಿ ಗೊತ್ತಾಗ್ತಿಲ್ಲ" ಎಂದರೂ ಆಯಿತು, ಮುಂದಿನದನ್ನು ಅವರೇ ಕೇಳುತ್ತಾರೆ.

ಯಾರಾದರೂ ಜೀವ ಬೇಡ ಎಂಬ ಮಾತಾಡಿದರೆ ಬಾಯಿಮಾತು ಎಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ. ತೋಟದ ಔಷಧ, ಮಾತ್ರೆ ಡಬ್ಬಿಗಳನ್ನು ಕೈಗೆ ಸಿಗದಂತೆ ಎತ್ತಿಡಿ. 14416ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಫೋನ್ ಮಾಡಿ. ಕೇಸಾಗುತ್ತದೆಂಬ ಭಯದಿಂದ ಆಸ್ಪತ್ರೆಗೆ ಹೋಗದೆ ಇರಬೇಡಿ. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ.

ಉಳಿದ ಬಾಗಿಲುಗಳನ್ನೂ ಗುರುತು ಹಾಕಿಕೊಳ್ಳಿ. ಗಂಡನ ಮನೆಯಲ್ಲಿ ಹೊಡೆತ ಬಡಿತವಿದ್ದರೆ 181. ಈ ಸಹಾಯವಾಣಿಯವರು ಹತ್ತಿರದ ಸಖಿ ಕೇಂದ್ರದ ದಾರಿ ತೋರಿಸುತ್ತಾರೆ. ಅಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸರ ನೆರವು, ಕೆಲವು ದಿನದ ಆಸರೆ ಒಂದೇ ಕಡೆ ಸಿಗಬೇಕು ಎಂಬುದೇ ಅದರ ಉದ್ದೇಶ. ಮಕ್ಕಳಿಗೆ 1098, ವಯಸ್ಸಾದವರಿಗೆ 14567, ಕುಡಿತ-ಮಾದಕ ವಸ್ತುವಿನ ಚಟಕ್ಕೆ 14446. ವಕೀಲರು ಬೇಕಾದರೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕೇಳಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಖಾಸಗಿ ಪುನರ್ವಸತಿ ಕೇಂದ್ರಕ್ಕೆ ಸೇರಿಸುವ ಮುನ್ನ ಒಂದು ಎಚ್ಚರಿಕೆ. ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೆ ನೋಂದಣಿ ಆಗಿದೆಯೇ, ಡಾಕ್ಟರ್ ಯಾರು, ಮನೆಯವರು ಬಂದು ನೋಡಬಹುದೇ ಎಂದು ಕೇಳಿ. ಮುಖ ನೋಡಲು ಬಿಡದ ಕಡೆ ನಿಮ್ಮವರನ್ನು ಬಿಡಬೇಡಿ.

ಎಲ್ಲದಕ್ಕೂ ಆಸ್ಪತ್ರೆ ಬೇಕಿಲ್ಲ. ಒಂಟಿತನಕ್ಕೆ ಮದ್ದು ಹಲವು ಸಲ ಸ್ತ್ರೀಶಕ್ತಿ ಸಂಘದ ವಾರದ ಸಭೆ, ಗ್ರಂಥಾಲಯದ ಪತ್ರಿಕೆಯ ಮೇಜು, ಸಂಜೆಯ ಭಜನೆ, ಕೆರೆಯ ಏರಿಯ ಮೇಲೆ ಜೊತೆಗೆ ನಡೆಯುವವರು. ಹೊಸಬರು ಕರೆಯಲೆಂದು ಕಾಯಬಾರದು. "ನಾನೂ ಬರಬಹುದಾ?" ಎಂದು ನೀವೇ ಕೇಳಿ.

ಸುತ್ತು ಮುಗಿದ ಮೇಲೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂವರ ಹೆಸರು, ಫೋನ್ ನಂಬರ್, ಸಹಾಯವಾಣಿಗಳು, ಮಂಗಳವಾರದ ಸರದಿ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸುತ್ತೇನೆ. ಬೀರುವಿನೊಳಗೆ ಇಟ್ಟರೆ ನನಗೊಬ್ಬಳಿಗೇ ಸಿಗುತ್ತದೆ. ಬಾಗಿಲ ಹಿಂದೆ ಇದ್ದರೆ ಮನೆಯ ಮಕ್ಕಳಿಗೂ ಓದಲು ಸಿಗುತ್ತದೆ.

ಆ ಮೂರನೆಯ ಊರು ಬಿಡುವ ದಿನ ಸಾಮಾನು ಕಟ್ಟುತ್ತಾ ಹಾಳೆಯನ್ನು ಕೀಳಲು ಹೋದೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವಳು, "ಅದನ್ನ ಕೀಳಬೇಡಿ ಟೀಚರ್, ಮುಂದೆ ಬರೋರಿಗೆ ಇರಲಿ" ಎಂದಳು. ಹಾಗೆಯೇ ಬಿಟ್ಟು ಬಂದೆ.