ತೆರಿಗೆಗೆ ಬೇಲಿಯೋ, ಕಾವಲೋ? ಮಲಪ್ರಭೆಯ ದಂಡೆಯಿಂದ ಒಂದು ಪಾಠ



ರಾಜ್ಯ ಸರ್ಕಾರ ಎತ್ತುವ ತೆರಿಗೆಗೂ ಮಾಡುವ ಖರ್ಚಿಗೂ ಕಾನೂನಿನಲ್ಲೇ ಒಂದು ಮಿತಿ ಗೊತ್ತುಮಾಡಿಬಿಟ್ಟರೆ ಒಳ್ಳೆಯದಲ್ಲವೇ ಎಂಬ ಮಾತು ನಮ್ಮ ನಡುವೆ ಆಗಾಗ ಬರುತ್ತದೆ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ರಾಜ್ಯಕ್ಕೆ ಸೇರಿದ್ದು. 1957ರ ಕಾಯ್ದೆಯಿಂದ ತೋಟಗಾರರು ಅದರ ಬಿಸಿಯನ್ನು ಬಲ್ಲರು. ಆದುದರಿಂದ ಈ ಮಾತು ಸಹಜವೇ. ಆದರೂ ಅಂಥ ಮಿತಿ ಸಣ್ಣ ಬೆಳೆಗಾರನಿಗೆ ಹಿತವಲ್ಲವೆಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ಬೆಳಗಾವಿ ಜಿಲ್ಲೆಯ ಉದಾಹರಣೆಯಿಂದ ತಿಳಿಯೋಣ.

ಮಲಪ್ರಭೆಯ ಅನುಭವ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಹಾದುಹೋಗುತ್ತದೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಸರ್ಕಾರ ಅಣೆಕಟ್ಟು ಕಟ್ಟಿ ಕಾಲುವೆ ತೆಗೆಯಿತು. ಇದು ಒಬ್ಬ ರೈತನಿಂದಾಗಲಿ ಒಂದು ಊರಿನಿಂದಾಗಲಿ ಆಗುವ ಕೆಲಸವಲ್ಲ. ಸಾರ್ವಜನಿಕ ಹಣದಿಂದಲೇ ಆಗಬೇಕು.

ಅನಂತರ ಅಚ್ಚುಕಟ್ಟಿನ ಜಮೀನಿಗೆ ಅಭಿವೃದ್ಧಿ ಕರ ಬಂತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಕರವೇ ಎಂದು ಸವದತ್ತಿ, ನರಗುಂದ, ನವಲಗುಂದ ಭಾಗದ ರೈತರು ಒಂದಾದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಪ್ರಾಣ ತೆತ್ತರು. ಚಳವಳಿ ನಾಡೆಲ್ಲ ಹಬ್ಬಿತು. ಸರ್ಕಾರ ಕರದ ವಿಷಯದಲ್ಲಿ ಹಿಂದೆ ಸರಿಯಿತು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಆ ವರ್ಷವೇ.

ಇಲ್ಲಿ ಗಮನಿಸಬೇಕಾದ್ದು: ರೈತರ ತಕರಾರು ತೆರಿಗೆಯ ಒಟ್ಟು ಮೊತ್ತದ ಮೇಲಲ್ಲ, ಯಾರ ಮೇಲೆ ಯಾವಾಗ ಹೇರಿದರು ಎಂಬುದರ ಮೇಲೆ. ಒಟ್ಟು ಮೊತ್ತಕ್ಕೆ ಮಿತಿಯಿದ್ದರೂ ಈ ಅನ್ಯಾಯ ನಡೆಯಬಹುದಿತ್ತು. ಅದನ್ನು ತಡೆದದ್ದು ಎಚ್ಚೆತ್ತ ಜನ.

ಮಿತಿಯಿಂದ ಆಗುವ ತೊಂದರೆ

1. ಕಟ್ಟಿದ ಅಂಕಿ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ವೃತ್ತಿ ತೆರಿಗೆಗೆ ಸಂವಿಧಾನದ 276ನೇ ವಿಧಿ ವರ್ಷಕ್ಕೆ 250 ರೂಪಾಯಿ ಮಿತಿ ಹಾಕಿತ್ತು. 1988ರಲ್ಲಿ ಅದು 2,500 ಆಯಿತು. ಫಲವಾಗಿ ಕಡಿಮೆ ಸಂಬಳದ ಗುಮಾಸ್ತನಿಗಿಂತ ಲಕ್ಷಗಟ್ಟಲೆ ಗಳಿಸುವವನಿಂದ ಹೆಚ್ಚು ಪಡೆಯಲು ಆ ಮಿತಿಯ ಮೇಲೆ ದಾರಿಯಿಲ್ಲ. ಹೀಗೆ ಬಿಟ್ಟುಹೋದ ಹಣವನ್ನು ಬೇರೆ ಕಡೆಯಿಂದ, ಬಹುಶಃ ನಮ್ಮಂಥವರಿಂದ, ತುಂಬಿಕೊಳ್ಳಬೇಕಾಗುತ್ತದೆ.

2. ವಿಪತ್ತು ಮಿತಿ ನೋಡಿ ಬರುವುದಿಲ್ಲ. 2018ರಲ್ಲಿ ಕೊಡಗಿನ ಗುಡ್ಡ ಕುಸಿದು ಕಾಫಿ ತೋಟಗಳು ಕೊಚ್ಚಿಹೋದವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳು ಮುಳುಗಿದವು. ಪರಿಹಾರ, ರಸ್ತೆ, ಸೇತುವೆ, ಶಾಲೆ ಎಲ್ಲಕ್ಕೂ ಒಮ್ಮೆಲೇ ಹಣ ಬೇಕು. ಖರ್ಚಿಗೆ ಗೋಡೆ ಕಟ್ಟಿದ್ದರೆ ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳಬೇಕಾಗುತ್ತದೆ.

3. ಬೇರೆಡೆ ಮಾಡಿ ನೋಡಿದ್ದಾರೆ. ಅಮೆರಿಕದ ಕೊಲರಾಡೊ ರಾಜ್ಯ 1992ರಲ್ಲಿ ಇಂಥ ಮಿತಿಯನ್ನು ತನ್ನ ಸಂವಿಧಾನಕ್ಕೆ ಸೇರಿಸಿತು. 2005ರಲ್ಲಿ ಅಲ್ಲಿನ ಮತದಾರರೇ ಆದಾಯದ ಮಿತಿಯನ್ನು ಐದು ವರ್ಷ ಬದಿಗಿಡಲು ಒಪ್ಪಿದರು.

ದುಂದಿಗೆ ತಡೆ ಬೇಡವೇ?

ಖಂಡಿತ ಬೇಕು. ಕರ್ನಾಟಕ 2002ರಲ್ಲಿಯೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇಕಡ 3ನ್ನು ಮೀರಬಾರದೆಂದು ಅದು ಹೇಳುತ್ತದೆ. ಇದು ಸಾಲಕ್ಕೆ ಕಡಿವಾಣ, ತೆರಿಗೆಗಲ್ಲ. ಖರ್ಚು ಬೇಕಾದರೆ ಆದಾಯ ಹುಡುಕು ಎಂಬ ನೀತಿ. ಅದನ್ನೂ ಕೋವಿಡ್ ಬಂದ 2020ರಲ್ಲಿ ಆ ವರ್ಷದ ಮಟ್ಟಿಗೆ ಶೇಕಡ 5ಕ್ಕೆ ಸಡಿಲಿಸಬೇಕಾಯಿತು.

ಬೇಲಿ ಹಾಕಿದೆನೆಂದು ತೋಟದ ಕಡೆ ಹೋಗದಿದ್ದರೆ ಫಸಲು ಉಳಿಯುವುದಿಲ್ಲ. ಬಜೆಟ್ಟನ್ನು ಓದುವುದು, ಮಹಾಲೆಕ್ಕಪರಿಶೋಧಕರ ವರದಿಯ ಬಗ್ಗೆ ಶಾಸಕರನ್ನು ಕೇಳುವುದು, ಅನ್ಯಾಯದ ಕರವನ್ನು ಸಂಘಟಿತರಾಗಿ ವಿರೋಧಿಸುವುದು, ಇದೇ ನಿಜವಾದ ಕಾವಲು.

ಸಂಘದ ಸಭೆಯಲ್ಲಿ ಚರ್ಚೆಗೆ

ಅ. ನಮ್ಮ ಊರಿನಲ್ಲಿ ಸರ್ಕಾರದ ಹಣವಿಲ್ಲದೆ ಆಗದಿದ್ದ ಕೆಲಸಗಳು ಯಾವುವು?
ಆ. ನಾವು ಕೊಡುವ ತೆರಿಗೆಗಳಲ್ಲಿ ಹೆಚ್ಚಾದದ್ದು ಯಾವುದು, ಅನ್ಯಾಯವಾದದ್ದು ಯಾವುದು? ಎರಡೂ ಒಂದೇಯೇ?