ಗೌಹರ್ ಜಾನ್ ಅವರ ಹಳೆಯ ತಟ್ಟೆಗಳನ್ನು ಕೇಳುವುದು ಹೇಗೆ?

ಗೌಹರ್ ಜಾನ್ ಅವರ ನೂರು ವರ್ಷಕ್ಕೂ ಹಳೆಯ ಹಾಡುಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ತರಗತಿಯ ಗೆಳೆಯರಿಗೆ ಒಂದನ್ನು ಕೇಳಿಸಿದೆ. "ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಬರೀ ಚಟಪಟ" ಎಂದು ಅರ್ಧಕ್ಕೇ ನಿಲ್ಲಿಸಿದರು.

ಆ ಚಟಪಟ ಹಾಡಿದವರದಲ್ಲ, ತಟ್ಟೆಯದು. ಆಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಧ್ವನಿಗೆ ಕಹಳೆಯ ತುದಿಯ ತೆಳುಪೊರೆ ನಡುಗಿ, ಅದಕ್ಕೆ ಕೂಡಿಸಿದ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಮಾರುವ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತುತ್ತಿದ್ದರು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ದೊಡ್ಡ ದೊಡ್ಡ ಉಸ್ತಾದರು ಕಹಳೆಗೆ ಹಿಂದೇಟು ಹಾಕುತ್ತಿದ್ದ ಕಾಲ ಅದು. ತವಾಯಫ್ ಎಂದು ಇಂದಿಗೂ ಮೂಗು ಮುರಿಯುವವರಿದ್ದಾರೆ. ಅವರ ತಾಯಿ ಮಲ್ಕಾ ಜಾನ್ ಉರ್ದು ಕವನಗಳ ಪುಸ್ತಕ ಪ್ರಕಟಿಸಿದ್ದವರು ಎಂಬುದು ಅಂಥವರಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಮನೆಮಾತು ಉರ್ದು. ಆದರೂ ನನಗೆ ಮೊದಲ ಸಲ ಅರ್ಧ ಪದ ಹಿಡಿಯಲಿಲ್ಲ. ಠುಮ್ರಿಯ ಮಾತು ಹೆಚ್ಚಾಗಿ ಬ್ರಜ್, ಅವಧಿ ಕಡೆಯದು. ಹಾಗಾಗಿ ಉರ್ದು ಬಾರದವರು ಹಿಂಜರಿಯಬೇಕಾಗಿಲ್ಲ. ಅರ್ಥದ ಬೆನ್ನು ಹತ್ತದೆ, ಒಂದೇ ಸಾಲನ್ನು ಎಷ್ಟು ಬಗೆಯಲ್ಲಿ ತಿರುಗಿಸುತ್ತಾರೆ ಗಮನಿಸಿ. ಒಮ್ಮೆ ದೂರಿದ ಹಾಗೆ, ಒಮ್ಮೆ ಛೇಡಿಸಿದ ಹಾಗೆ, ಒಮ್ಮೆ ಸೋತ ಹಾಗೆ. ಮೆಹಫಿಲ್‌ನಲ್ಲಿ ಅರ್ಧ ಗಂಟೆ ಹಿಗ್ಗಿಸಬಹುದಾದದ್ದನ್ನು ಮೂರು ನಿಮಿಷಕ್ಕೆ ಮಡಿಚಿಟ್ಟಿದ್ದಾರೆ. ಇಲ್ಲೇ ಅವರ ಜಾಣತನ ಇರುವುದು ಅನ್ನಿಸುತ್ತದೆ ನನಗೆ.

ಇದೇ ಕಿವಿಯಿಂದ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳನ್ನೂ ಕೇಳಬಹುದು. ಬೆಸ್ಸಿ ಸ್ಮಿತ್ 1925ರ ಜನವರಿಯಲ್ಲಿ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್' ಕೂಡ ಕಹಳೆಯ ಕಾಲದ್ದೇ. ಅವರು ಒಂದು ಸಾಲು ಹಾಡಿ ಬಿಟ್ಟ ಜಾಗದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ಊದಿ ಉತ್ತರ ಕೊಡುತ್ತಾರೆ, ಠುಮ್ರಿಯಲ್ಲಿ ಸಾರಂಗಿ ಹಿಂಬಾಲಿಸಿದಂತೆ. ಹಿಂದೆ ನುಡಿಯುವುದು ಏನು ಗೊತ್ತೇ? ಹಾರ್ಮೋನಿಯಂ!

ಕಾಮರ್ಸ್‌ನವನಾದ್ದರಿಂದ ಲೆಕ್ಕವನ್ನೂ ನೋಡಿದೆ. ಬೆಸ್ಸಿ ಸ್ಮಿತ್‌ಗೆ ಕಂಪನಿ ಕೊಟ್ಟದ್ದು ಮಗ್ಗುಲಿಗೆ ಇಷ್ಟು ಡಾಲರ್ ಎಂಬ ಒಂದೇ ಸಲದ ಹಣ. ತಟ್ಟೆ ಎಷ್ಟೇ ಮಾರಾಟವಾದರೂ ರಾಯಲ್ಟಿ ಇಲ್ಲ. ಇತ್ತ ದೇಶವೆಲ್ಲ ಹೆಸರಾಗಿದ್ದ ಗೌಹರ್ ಜಾನ್ ಕೊನೆಗಾಲದಲ್ಲಿ ಸಂಬಳಕ್ಕೆ ಬರಬೇಕಾಯಿತು. ಬಂದದ್ದು ನಮ್ಮ ಮೈಸೂರಿಗೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಅರಮನೆಯ ಗಾಯಕಿಯಾಗಿ ನೇಮಿಸಿದರು. ತಿಂಗಳಿಗೆ 500 ರೂಪಾಯಿ. ಎರಡು ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಕೆ.ಆರ್. ಆಸ್ಪತ್ರೆಯಲ್ಲಿ ತೀರಿಕೊಂಡರು. ನಂಜನಗೂಡು, ನರಸೀಪುರದಿಂದ ನಾವೆಲ್ಲ ಬಸ್ಸು ಹತ್ತಿ ಹೋಗಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುತ್ತೇವಲ್ಲ, ಅದೇ ದೊಡ್ಡಾಸ್ಪತ್ರೆ.

ಕೇಳುವವರು ಮೊಬೈಲಿನ ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿಕೊಳ್ಳಿ. ಸದ್ದಿಗೆ ಕಿವಿ ಒಗ್ಗಲು ಒಂದು ಸಲ, ತಬಲಕ್ಕೆ ಒಂದು ಸಲ, ದನಿಗೆ ಒಂದು ಸಲ, ಹೀಗೆ ಮೂರು ಬಾರಿ ಕೇಳಿ. ಹಾಡು ನಿಂತಿತೆಂದು ಕೂಡಲೇ ಆಫ್ ಮಾಡಬೇಡಿ. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದು ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಕೊಟ್ಟಕೊನೆಗೆ.