ಗುಪ್ತಪದವಿಲ್ಲದ ಪ್ರವೇಶ

ಕಾಲೇಜೊಂದರ ಗ್ರಂಥಾಲಯದಲ್ಲಿ ಗಣಕಯಂತ್ರಗಳ ಮೇಲ್ವಿಚಾರಣೆಯನ್ನು ನಾನು ವಹಿಸಿಕೊಂಡಿದ್ದ ಕಾಲದಲ್ಲಿ, ಬೆಳಗಿನ ಹೊತ್ತು ನನ್ನ ಮೇಜಿನ ಬಳಿಗೆ ಬರುತ್ತಿದ್ದವರಲ್ಲಿ ಬಹುಪಾಲು ಮಂದಿ ಪುಸ್ತಕವನ್ನು ಅರಸಿ ಬಂದವರಲ್ಲ, ಪಾಸ್‌ವರ್ಡ್ ಮರೆತು ಬಂದವರು. 1960ರ ದಶಕದ ಆದಿಯಲ್ಲಿ ಅಮೆರಿಕದ ಎಂಐಟಿಯಲ್ಲಿ, ಒಂದೇ ಯಂತ್ರವನ್ನು ಹಂಚಿಕೊಂಡವರಲ್ಲಿ ಒಬ್ಬನ ಕಡತ ಇನ್ನೊಬ್ಬನ ಕಣ್ಣಿಗೆ ಬೀಳದಿರಲೆಂದು ಫರ್ನಾಂಡೊ ಕಾರ್ಬಾಟೊ ಮತ್ತು ಅವರ ಸಂಗಡಿಗರು ಏರ್ಪಡಿಸಿದ ಆ ಸರಳೋಪಾಯವು, ಒಬ್ಬೊಬ್ಬ ಮನುಷ್ಯನೂ ಹತ್ತಾರು ಗುಪ್ತಪದಗಳನ್ನು ನೆನಪಿನಲ್ಲಿ ಹೊರಬೇಕಾದ ಕಾಲಕ್ಕೆ ತಕ್ಕುದಾಗಿ ಉಳಿಯಲಿಲ್ಲ. ಅದರ ಮೇಲೆ ಒಟಿಪಿಯನ್ನು ಕಾವಲಿಟ್ಟರೂ, ದೂರವಾಣಿಯಲ್ಲಿ ವಿನಯದಿಂದ ಕೇಳಿದ ವಂಚಕನಿಗೆ ಆ ಅಂಕಿಗಳನ್ನು ಓದಿ ಹೇಳಿಬಿಡುವ ಸಜ್ಜನರು ನಮ್ಮಲ್ಲಿ ವಿರಳರಲ್ಲ.

ಆದುದರಿಂದ ಪಾಸ್‌ವರ್ಡನ್ನು ಬಿಡಿಸಿ ಸಿಬ್ಬಂದಿಯ ಫೋನುಗಳಲ್ಲಿ ಪಾಸ್‌ಕೀಯನ್ನು ನೆಲೆಗೊಳಿಸುವ ಹೊಣೆ ನನಗೆ ಬಂದಾಗ, ಅದರ ಮರ್ಮವನ್ನು ಅವರಿಗೆ ತಿಳಿಹೇಳದೆ ಮುಂದುವರಿಯಬಾರದೆಂದು ನಿಶ್ಚಯಿಸಿದೆನು. ಹಿಂದಿನ ಅರಸರ ಮುದ್ರೆಯುಂಗುರವು ಬೆರಳಲ್ಲಿಯೇ ಉಳಿದು, ಅದರ ಒತ್ತು ಮಾತ್ರ ಓಲೆಯೊಡನೆ ದೇಶಾಂತರಕ್ಕೆ ಹೋಗುತ್ತಿದ್ದಂತೆ, ಇಲ್ಲಿ ರಹಸ್ಯ ಕೀಲಿಯು ಒಡೆಯನ ಕಡೆಯಲ್ಲಿಯೇ ಉಳಿದು, ಜಾಲತಾಣದ ವಶದಲ್ಲಿ ಅದರ ಜೋಡಿಯಾದ ಬಹಿರಂಗ ಕೀಲಿಯೊಂದೇ ಇರುತ್ತದೆ. ತಾಣವು ಪ್ರತಿಸಲವೂ ಹೊಸದಾಗಿ ಕಳುಹಿಸುವ ಸಂಖ್ಯೆಗೆ ಫೋನು, ಬೆರಳನ್ನೋ ಪಿನ್ನನ್ನೋ ಪರೀಕ್ಷಿಸಿದ ಮೇಲೆಯೇ, ಸಹಿ ಹಾಕುತ್ತದೆ. ಫೋನು ಕೈಯಲ್ಲಿರುವುದು ಒಂದು ಪ್ರಮಾಣ, ಬೆರಳು ಅಥವಾ ಪಿನ್ನು ಎರಡನೆಯದು. ಬೆರಳಗುರುತಂತೂ ಫೋನನ್ನು ದಾಟಿ ಎಲ್ಲಿಗೂ ಹೋಗದು. 1976ರಲ್ಲಿ ಡಿಫಿ ಮತ್ತು ಹೆಲ್ಮನ್ನರು ಬೀಜರೂಪದಲ್ಲಿ ಪ್ರಕಟಿಸಿದ ತತ್ತ್ವವು 2019ರಲ್ಲಿ ವೆಬ್‌ಆಥನ್ ಎಂಬ ಮಾನಕವಾಗಿ, 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್‌ಗಳು ಕೂಡಿ ಬೆಂಬಲಿಸಿದ ಬಳಿಕ ನಮ್ಮಂಥವರ ಜೇಬಿಗೆ ಇಳಿಯಿತು.

ಈ ವಿವರಣೆಯನ್ನು ಎಷ್ಟು ಮಂದಿ ಗ್ರಹಿಸಿದರೋ ನಾನರಿಯೆ. ಆದರೆ ಕೆಲವು ವಾರಗಳ ಮೇಲೆ ಅಧ್ಯಾಪಕರೊಬ್ಬರು ಬಂದು, "ಫೋನು ಕೆಟ್ಟಿದೆ, ಸ್ವಾಮಿ, ಪಾಸ್‌ಕೀಯೇ ಇಲ್ಲವೆನ್ನುತ್ತದೆ" ಎಂದು ದೂರಿದಾಗ ನೋಡಿದರೆ, ಅವರು ತೆರೆದಿದ್ದುದು ಕಪಟಪತ್ರವೊಂದು ಕರೆದೊಯ್ದ, ನಮ್ಮ ಪುಟವನ್ನೇ ಹೋಲುವ ನಕಲಿ ಪುಟವಾಗಿತ್ತು. ವಿಳಾಸದಲ್ಲಿ ಒಂದಕ್ಷರದ ವ್ಯತ್ಯಾಸ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕೀಲಿಯಾದರೋ ನಿಜವಾದ ವಿಳಾಸಕ್ಕೇ ಬಂಧಿತವಾದುದರಿಂದ ಅಲ್ಲಿ ತಲೆಯೆತ್ತಲೇ ಇಲ್ಲ. ಮನುಷ್ಯನ ಎಚ್ಚರವನ್ನು ನಂಬದಿರುವುದೇ ಈ ಪದ್ಧತಿಯ ಹಿರಿಮೆಯೆಂದು ನನಗೆ ಆಗ ಮನದಟ್ಟಾಯಿತು.

ಕಷ್ಟಗಳೆಲ್ಲ ಅನ್ಯತ್ರ ಇದ್ದವು. ಅಂಟು, ರಟ್ಟುಗಳೊಡನೆ ಮುಪ್ಪಾದ ನಮ್ಮ ಪುಸ್ತಕ ಬೈಂಡರರ ಬೆರಳಗೆರೆಗಳು ಸವೆದಿದ್ದುದರಿಂದ ಅವರಿಗೆ ಪಿನ್ನೇ ಗತಿಯಾಯಿತು. ಫೋನನ್ನು ಬಸ್ಸಿನಲ್ಲಿ ಕಳೆದುಕೊಂಡವರಿಗೆ ಎಸ್‌ಎಂಎಸ್ ಮೂಲಕ ಮತ್ತೆ ಪ್ರವೇಶ ಕೊಡಿಸಿದರೆ, ಸಿಮ್ಮನ್ನು ಮೋಸದಿಂದ ತನ್ನ ಹೆಸರಿಗೆ ಮಾಡಿಸಿಕೊಂಡವನಿಗೂ ಅದೇ ದಾರಿ ತೆರೆಯುತ್ತಿತ್ತಾದ್ದರಿಂದ, ಗುರುತುಚೀಟಿಯೊಡನೆ ಖುದ್ದಾಗಿ ಬರತಕ್ಕದ್ದೆಂದು ನಿಯಮ ಮಾಡಿದೆನು, ಗೊಣಗಾಟವನ್ನೂ ಸಹಿಸಿಕೊಂಡೆನು.

ಮನೆಮಂದಿಗೆಲ್ಲ ಒಂದೇ ಫೋನಿದ್ದು, ಮಗನ ಬೆರಳೂ ಸೊಸೆಯ ಬೆರಳೂ ಅದರಲ್ಲಿ ದಾಖಲಾಗಿದ್ದ ಅಟೆಂಡರುಗಳ ವಿಷಯವು ಇನ್ನೂ ಜಟಿಲವಾಗಿತ್ತು. ಏಕೆಂದರೆ ಒಂದು ಫೋನಿಗೆ ಒಬ್ಬನೇ ಒಡೆಯನೆಂಬ ಊಹೆಯ ಮೇಲೆಯೇ ಎರಡು ಪ್ರಮಾಣಗಳೂ ನಿಂತಿವೆ. ಅಂಥವರಿಗೆ ಸಂಸ್ಥೆಯ ಖರ್ಚಿನಲ್ಲಿ ಯುಎಸ್‌ಬಿ ಕೀಲಿಗಳನ್ನು ಕೊಡಿಸಬೇಕೆಂದು ಬರೆದ ಟಿಪ್ಪಣಿಗೆ, ಮುಂದಿನ ಆಯವ್ಯಯದಲ್ಲಿ ಪರಿಶೀಲಿಸಲಾಗುವುದೆಂಬ ಷರಾ ಬಂದಿತು.